ಒಮಾನ್‌ನಲ್ಲಿ ನಾಲ್ಕು ದಿನಕ್ಕೆ ಏನೇನು ನೋಡಿ ಮುಗಿಸಬಹುದು? ಬಾಡಿಗೆಗೆ ಸಣ್ಣ ಕಾರು ಸಾಕಾ?

ನಿಮ್ಮ ಪಟ್ಟಿ ನೋಡಿದರೆ ನಾನೇ ಬರೆದಿದ್ದೇನೋ ಅನ್ನಿಸುತ್ತದೆ. ಮಸ್ಕತ್, ನಿಜ್ವಾ, ಜಬಲ್ ಅಖ್ದರ್ ಬೆಟ್ಟ, ವಾಹಿಬಾ ಮರಳುಗಾಡು, ಸೂರ್, ಸಮಯ ಉಳಿದರೆ ಸಲಾಲಾ. ಬಾಡಿಗೆಗೆ ಸಣ್ಣ ಕಾರು, ಜೊತೆಯಲ್ಲಿ ಮಂಡಿನೋವಿನ ತಾಯಿ. ಯಾವ ದಿನ ಎಲ್ಲಿಗೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಮೊದಲು ನಮಗೆ ಆದದ್ದು ಕೇಳಿ.

ಆಗ ಅಕ್ಕ, ಭಾವ ಮಸ್ಕತ್‌ನ ರೂವಿಯಲ್ಲಿ ಇದ್ದರು. ಭಾವನಿಗೆ ರಜೆ ಸಿಗಲಿಲ್ಲ. ಅಕ್ಕ, ಅಮ್ಮ, ನಾನು ಮೂವರೇ ಕಾರು ತೆಗೆದುಕೊಂಡು ಸೂರ್ ಕಡೆಗೆ ಹೊರಟೆವು. ಆ ಹೆದ್ದಾರಿಯೇ ನೋಡುವಂಥದ್ದು. ಎಡಕ್ಕೆ ಸಮುದ್ರ, ಬಲಕ್ಕೆ ಒಂದು ಗಿಡವೂ ಇಲ್ಲದ ಹಜರ್ ಬೆಟ್ಟಸಾಲು. ದಾರಿಯಲ್ಲಿ ಬಿಮ್ಮಾದ ಹೊಂಡ ನೋಡಿದೆವು. ನೆಲದಡಿಯ ಸುಣ್ಣಕಲ್ಲನ್ನು ನೀರು ಕರಗಿಸಿ ಟೊಳ್ಳು ಮಾಡಿ, ಮೇಲಿನ ಚಾವಣಿ ಕುಸಿದು ಆದ ಹೊಂಡ ಅದು. ಆಕಾಶದಿಂದ ನಕ್ಷತ್ರ ಬಿದ್ದು ಆಯಿತು ಅಂತ ಅಲ್ಲಿಯವರು ಕಥೆ ಹೇಳುತ್ತಾರೆ. ಅಲ್ಲಿಂದ ಮುಂದೆ ವಾದಿ ಶಾಬ್. ವಾದಿ ಅಂದರೆ ಬೆಟ್ಟದ ನಡುವೆ ನೀರು ಕೊರೆದ ಕಣಿವೆ. ವರ್ಷದಲ್ಲಿ ಹೆಚ್ಚು ದಿನ ಬರೀ ಕಲ್ಲುಗುಂಡು. ವಾದಿ ಶಾಬ್‌ನಲ್ಲಿ ದೋಣಿಯಲ್ಲಿ ದಾಟಿ, ಮುಕ್ಕಾಲು ಗಂಟೆ ಬಂಡೆಯ ಮೇಲೆ ನಡೆದು, ಆಮೇಲೆ ಈಜಬೇಕು. ಅಮ್ಮನಿಗೆ ಆಗದ ಕೆಲಸ. ಹಾಗಾಗಿ ಪಕ್ಕದ ವಾದಿ ತೀವಿಗೆ ತಿರುಗಿದೆವು. ಅಲ್ಲಿ ಕಾರು ಒಳಗೇ ಹೋಗುತ್ತದೆ.

ಖರ್ಜೂರ, ಬಾಳೆ, ಮಾವಿನ ತೋಟ, ತೋಟದ ಅಂಚಿನಲ್ಲಿ ಕಾಲುವೆ, ಮೇಲೆ ಕಡಿದಾದ ಕಲ್ಲಿನ ಗೋಡೆ. ಅಮ್ಮ ನೀರಿಗೆ ಕಾಲು ಇಳಿಬಿಟ್ಟು ಕೂರಬೇಕು ಅಂದರು. ರಸ್ತೆಯ ಪಕ್ಕ ನಿಲ್ಲಿಸಿದರೆ ಅವರು ಇಳಿಜಾರಿನಲ್ಲಿ ಅಷ್ಟು ದೂರ ನಡೆಯಬೇಕಿತ್ತು. ಕೆಳಗೆ ಕಲ್ಲುಹರಳಿನ ಅಗಲವಾದ ಜಾಗ ಇತ್ತು, ಒಣಗಿ ಬೆಳ್ಳಗಿತ್ತು, ಬೇರೆ ಕಾರುಗಳು ಇಳಿದುಹೋದ ಗುರುತೂ ಇತ್ತು. ನಾನು ಕಾರನ್ನು ಅಲ್ಲಿಗೇ ಇಳಿಸಿದೆ.

ಅದೇ ತಪ್ಪು. ನಿಮಗೆ ಇದು ಬಿಡಿಬಿಡಿಯಾಗಿ ಗೊತ್ತಾಗಲೇಬೇಕು, ಅದಕ್ಕೇ ಎಳೆದು ಹೇಳುತ್ತಿದ್ದೇನೆ.

ನಿಲ್ಲಿಸುವ ಮೊದಲು ನಾನು ಆಕಾಶ ನೋಡಿದ್ದೆ. ನೆತ್ತಿಯ ಮೇಲೆ ತಿಳಿಯಾದ ನೀಲಿ. ಒಳನಾಡಿನ ಕಡೆ, ಬೆಟ್ಟದ ಹಿಂದೆ ಮೋಡ ಕಟ್ಟಿತ್ತು. ಅದು ಕಾಣಿಸಿತ್ತು, ಆದರೆ ಅದಕ್ಕೂ ನಾನು ನಿಂತ ಜಾಗಕ್ಕೂ ಸಂಬಂಧ ಇದೆ ಅನ್ನಿಸಲಿಲ್ಲ. ನಾನು ಮಲೆನಾಡಿನಲ್ಲಿ ಬೆಳೆದ ಜನ. ನಮ್ಮಲ್ಲಿ ಹಳ್ಳ ಏರುವ ಮೊದಲು ನಮ್ಮ ತಲೆಯ ಮೇಲೇ ಮಳೆ ಹೊಯ್ದಿರುತ್ತದೆ. ಮಣ್ಣು ಕುಡಿದು, ಕಾಡು ತಡೆದು, ನೀರು ಕೆಂಪಾಗಿ, ನಿಧಾನ ಏರುತ್ತದೆ. ಅಲ್ಲಿ ಹಾಗಲ್ಲ. ಹಜರ್ ಬೆಟ್ಟದಲ್ಲಿ ಮಣ್ಣೂ ಇಲ್ಲ, ಬೇರೂ ಇಲ್ಲ. ಬಿದ್ದ ಅಷ್ಟೂ ಮಳೆ ಬಂಡೆಯ ಮೇಲಿಂದ ಜಾರಿ ಒಂದೇ ಸಂದಿಗೆ ಇಳಿಯುತ್ತದೆ. ಮಳೆ ಎಲ್ಲೋ ದೂರದ ಶಿಖರದಲ್ಲಿ, ಪ್ರವಾಹ ಬಿಸಿಲಿನಲ್ಲಿ ಕೂತವರ ಕಾಲಬುಡಕ್ಕೆ.

ಇನ್ನೂ ಒಂದು ಗುರುತು ಇತ್ತು. ಕಾರಿನ ಪಕ್ಕದ ಮುಳ್ಳುಮರದ ಕೊಂಬೆಗೆ, ನನ್ನ ತಲೆಗಿಂತ ಎತ್ತರದಲ್ಲಿ, ಒಣಗಿದ ಖರ್ಜೂರದ ಗರಿ, ಪ್ಲಾಸ್ಟಿಕ್ ಚೀಲ, ನಾರಿನ ಕಸ ಸುತ್ತಿಕೊಂಡಿತ್ತು. ನಾನು ಅದರ ಫೋಟೋ ತೆಗೆದೆ. ಅದನ್ನು ಅಲ್ಲಿಗೆ ಯಾರು ಏರಿಸಿದರು ಅಂತ ಒಂದು ಕ್ಷಣ ಯೋಚಿಸಿದ್ದರೆ ಸಾಕಿತ್ತು. ಹಿಂದಿನ ಪ್ರವಾಹ ಅಷ್ಟು ಎತ್ತರಕ್ಕೆ ಬಂದಿತ್ತು, ಅಷ್ಟೇ. ಮತ್ತೆ ಆ ಊರಿನ ಒಂದು ಮನೆ, ಒಂದು ಗೋಡೆ, ಒಂದು ತೋಟ ಕೂಡ ನಾನು ಕಾರು ನಿಲ್ಲಿಸಿದ ಮಟ್ಟದಲ್ಲಿ ಇರಲಿಲ್ಲ. ಎಲ್ಲವೂ ಮೇಲಿತ್ತು. ಅಲ್ಲಿ ಬಾಳಿದವರು ಕಟ್ಟದೆ ಬಿಟ್ಟ ಜಾಗದಲ್ಲಿ ನಾನು ಅಮ್ಮನನ್ನು ಕೂರಿಸಿದ್ದೆ.

ಮೇಲಿನ ತೋಟದಿಂದ ವಯಸ್ಸಾದ ಒಬ್ಬರು ಕೂಗಿದರು. ಅರಬ್ಬಿ ನನಗೆ ಬರುವುದಿಲ್ಲ, ಅಕ್ಕನಿಗೆ ಅಲ್ಪಸ್ವಲ್ಪ. ಅವಳು ಚೀಲವನ್ನೂ ತೆಗೆದುಕೊಳ್ಳದೆ ಅಮ್ಮನ ಕೈ ಹಿಡಿದು ಎಬ್ಬಿಸಿದಳು. ಆ ಹಿರಿಯರು ಮೆಟ್ಟಿಲಿಳಿದು ಬಂದು ಇನ್ನೊಂದು ತೋಳು ಹಿಡಿದರು. ನಾನು ಕಾರು ತೆಗೆಯಲು ಹೋಗಬೇಕು ಅಂತಿದ್ದೆ, ಅಕ್ಕ ಬೈದು ತಡೆದಳು. ಅವಳು ತಡೆಯದೆ ಇದ್ದಿದ್ದರೆ ಈ ಉತ್ತರ ಬರೆಯಲು ನಾನಿರುತ್ತಿರಲಿಲ್ಲ. ಮೊದಲು ಕಡ್ಡಿ, ನೊರೆ ಹೊತ್ತ ಕಂದು ನೀರಿನ ಒಂದು ನಾಲಿಗೆ ಕಲ್ಲಿನ ನಡುವೆ ಹರಿದು ಬಂತು. ಅದರ ಬೆನ್ನಿಗೇ ಗುಂಡುಕಲ್ಲುಗಳು ಒಂದಕ್ಕೊಂದು ಬಡಿಯುವ ಸದ್ದು. ನಾವು ತೋಟದ ಕಟ್ಟೆ ಹತ್ತಿ ತಿರುಗಿ ನೋಡುವಷ್ಟರಲ್ಲಿ ಕಾರಿನ ಬಾಗಿಲಿನವರೆಗೆ ನೀರು. ಆಮೇಲೆ ಕಾರು ಎದ್ದು, ಅಡ್ಡ ತಿರುಗಿ, ಕೆಳಗಿನ ಬಂಡೆಗೆ ಹೋಗಿ ಒರಗಿತು. ನಮ್ಮ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

ಬಾಡಿಗೆ ಕಾರಿನ ಒಪ್ಪಂದದಲ್ಲಿ, ವಾದಿಯ ಪಾತ್ರದಲ್ಲಿ ಆದ ಹಾನಿಗೆ ವಿಮೆ ಅನ್ವಯಿಸುವುದಿಲ್ಲ ಅಂತ ಸಣ್ಣಕ್ಷರದಲ್ಲಿ ಇತ್ತು. ನಾನು ಓದದೆ ಸಹಿ ಹಾಕಿದ್ದೆ. ಅಮ್ಮ ಬ್ಯಾಂಕಿನಲ್ಲಿಟ್ಟಿದ್ದ ಠೇವಣಿ ಮುರಿಸಿ ಕಟ್ಟಿದೆವು. ಒಂದು ರಿಯಾಲ್ ಅಂದರೆ 200 ರೂಪಾಯಿಗೂ ಮೇಲೆ. ಲೆಕ್ಕ ನೀವೇ ಊಹಿಸಿ. ಹಣದ ಮಾತು ಬಿಡಿ. 2024ರ ಏಪ್ರಿಲ್‌ನಲ್ಲಿ ಸಮದ್ ಅಲ್ ಶಾನ್ ಹತ್ತಿರ ಶಾಲೆಯಿಂದ ಮರಳುತ್ತಿದ್ದ ಮಕ್ಕಳ ವಾಹನ ಇಂಥದ್ದೇ ವಾದಿಯಲ್ಲಿ ಕೊಚ್ಚಿಹೋಯಿತು, ಮಕ್ಕಳು ತೀರಿಕೊಂಡರು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಹರಿಯುವ ವಾದಿಗೆ ಗಾಡಿ ಇಳಿಸುವುದು ಅಲ್ಲಿ ಕಾನೂನಿನ ಪ್ರಕಾರ ಅಪರಾಧ. ಆದರೂ ಪ್ರತಿ ವರ್ಷ ಯಾರಾದರೂ ಇಳಿಸುತ್ತಾರೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಾಗುವುದಿಲ್ಲ. ನಾಲ್ಕು ದಿನಕ್ಕೆ ಎಷ್ಟು ಜಾಗ ಮುಗಿಸಬಹುದು ಅಂತ ಕೇಳಿದ್ದೀರಿ. ಹಾಗೆ ಮುಗಿಸಲು ಹೊರಟವರೇ ಮೋಡ ಕಂಡರೂ ಕಾರು ತಿರುಗಿಸುವುದಿಲ್ಲ, ಏಕೆಂದರೆ ನಾಳೆಗೆ ಇನ್ನೊಂದು ಊರು ಕಾದಿರುತ್ತದೆ. ಇನ್ನೊಂದು, ಮರುಭೂಮಿಯ ದೇಶ ಅಂದಕೂಡಲೇ ಮರಳಿನ ದಿಬ್ಬ ನೋಡಬೇಕು ಅಂತ ನೀವು ಹಟ ಹಿಡಿದಿದ್ದೀರಿ. ಒಮಾನ್‌ನಲ್ಲಿ ನೋಡಬೇಕಾದದ್ದು ಅಷ್ಟು ಒಣ ನೆಲದಲ್ಲಿ ಜನ ನೀರನ್ನು ಹೇಗೆ ಹಿಡಿದರು ಅನ್ನುವುದು. ನನಗದು ಗೊತ್ತಾದದ್ದು ಕಾರು ಹೋದ ಮೇಲೆ, ಭಾವ ಹೇಗೋ ರಜೆ ಹಾಕಿ ನಮ್ಮನ್ನು ನಿಜ್ವಾಕ್ಕೆ ಕರೆದುಕೊಂಡು ಹೋದಾಗ.

ನಿಜ್ವಾದಲ್ಲಿ ಎಲ್ಲರೂ ಕೋಟೆಗೆ ಹೋಗುತ್ತಾರೆ, ನೀವೂ ಹೋಗಿ. ಪೋರ್ಚುಗೀಸರನ್ನು 1650ರಲ್ಲಿ ಮಸ್ಕತ್‌ನಿಂದ ಓಡಿಸಿದ ಇಮಾಮ್ ಸುಲ್ತಾನ್ ಬಿನ್ ಸೈಫ್ ಕಟ್ಟಿಸಿದ್ದು. ದುಂಡನೆಯ ದೊಡ್ಡ ಗೋಪುರದ ಕೆಳಭಾಗಕ್ಕೆ ಮಣ್ಣು ತುಂಬಿಸಿದ್ದಾರೆ, ಫಿರಂಗಿ ಹೊಡೆತ ತಡೆಯಲಿ ಅಂತ. ಖರ್ಜೂರದ ಚೀಲ ಒಂದರ ಮೇಲೊಂದು ಪೇರಿಸಿ, ಆ ಭಾರಕ್ಕೆ ಒಸರುವ ರಸ ನೆಲದ ಗೀರುಗಳಲ್ಲಿ ಹರಿದು ಬರುವ ಕೋಣೆ ಇದೆ. ಆ ರಸವನ್ನೇ ಕುದಿಸಿ ಬಾಗಿಲ ಮೇಲಿನ ಕಂಡಿಯಿಂದ ಶತ್ರುಗಳ ಮೇಲೆ ಸುರಿಯುತ್ತಿದ್ದರಂತೆ. ಅಮ್ಮ ಅದನ್ನೇ ಎರಡೆರಡು ಸಲ ಕೇಳಿ ತಿಳಿದುಕೊಂಡರು.

ಆದರೆ ಕೋಟೆ ನೋಡಿ ವಾಪಸ್ ಬರಬೇಡಿ. ಊರ ಅಂಚಿನಲ್ಲಿ ಫಲಜ್ ದಾರಿಸ್ ಇದೆ. ಫಲಜ್ ಅಂದರೆ ಅಲ್ಲಿಯ ಹಳೆಯ ಕಾಲದ ನೀರಿನ ಕಾಲುವೆ. ಬೆಟ್ಟದ ಬುಡದಲ್ಲಿ ಅಂತರ್ಜಲದವರೆಗೆ ಬಾವಿ ತೋಡಿ, ಅಲ್ಲಿಂದ ನೆಲದಡಿ ಸುರಂಗ ಕೊರೆದು, ಕೂದಲೆಳೆಯಷ್ಟು ಇಳಿಜಾರು ಕೊಟ್ಟು, ಪಂಪು ಇಲ್ಲದೆ ನೀರನ್ನು ಊರಿಗೆ ತಂದಿದ್ದಾರೆ. ಇಂಥ ಕಾಲುವೆಗಳು ಒಮಾನ್‌ನಲ್ಲಿ ಇವತ್ತಿಗೂ ಸುಮಾರು 3,000 ಹರಿಯುತ್ತಿವೆ. ಅವುಗಳಲ್ಲಿ ಐದನ್ನು ಯುನೆಸ್ಕೋ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ದಾರಿಸ್ ಅದರಲ್ಲೊಂದು. ನೀರು ಊರಿಗೆ ಬಂದ ಕೂಡಲೇ ಮೊದಲ ಜಾಗ ಕುಡಿಯುವುದಕ್ಕೆ, ಅದು ಎಲ್ಲರಿಗೂ, ದಾರಿಹೋಕನಿಗೂ. ಆಮೇಲೆ ಮಸೀದಿ, ಸ್ನಾನ, ಕೊನೆಗೆ ತೋಟ. ತೋಟದ ಪಾಲು ಹೊತ್ತಿನ ಲೆಕ್ಕದಲ್ಲಿ. ಹಗಲು ನೆಟ್ಟ ಕೋಲಿನ ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಸರದಿ ಹಂಚುತ್ತಿದ್ದರು. ಅಡಿಕೆ ತೋಟದ ನೀರಿನ ಸರದಿಗೆ ದಾಯಾದಿಗಳು ಮಾತು ಬಿಟ್ಟಿದ್ದನ್ನು ಕಂಡಿರುವ ನನಗೆ, ಆ ಕಾಲುವೆಯ ಪಕ್ಕದಿಂದ ಏಳಲು ಮನಸ್ಸಾಗಲಿಲ್ಲ.

ಅದಕ್ಕೇ ನಿಜ್ವಾದಲ್ಲೇ ಎರಡು ರಾತ್ರಿ ಉಳಿಯಿರಿ. ಹತ್ತಿರದ ಬಿರ್ಕತ್ ಅಲ್ ಮೌಜ್‌ನಲ್ಲಿ ಫಲಜ್ ಅಲ್ ಖತ್ಮೀನ್ ಮೂರು ಸಮ ಕವಲಾಗಿ ಒಡೆಯುವ ಜಾಗ ನೋಡಿ. ಬಹ್ಲಾದ ಹಸಿ ಇಟ್ಟಿಗೆಯ ಕೋಟೆ ನೋಡಿ. 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, ಮಳೆಗೆ ಕರಗಿ ಬೀಳುತ್ತಿದ್ದದ್ದನ್ನು ವರ್ಷಗಟ್ಟಲೆ ದುರಸ್ತಿ ಮಾಡಿ ಉಳಿಸಿದ್ದಾರೆ. ಸುತ್ತಲಿನ ಊರಗೋಡೆ ಸುಮಾರು 12 ಕಿಲೋಮೀಟರ್. ಮಿಸ್ಫಾತ್ ಅಲ್ ಅಬ್ರಿಯೀನ್‌ಗೆ ಹೋಗಿ, ಬೆಟ್ಟದ ಹೆಗಲ ಮೇಲಿನ ಹಳ್ಳಿ. ಮೆಟ್ಟಿಲು ಜಾಸ್ತಿ, ತಾಯಿಯನ್ನು ಮೇಲಿನ ಓಣಿಯಲ್ಲೇ ಕೂರಿಸಿ. ಅಲ್ಲಿ ಇರುವ ದಿನ ಶುಕ್ರವಾರ ಬಂದರೆ ಬೆಳಿಗ್ಗೆ ಬೇಗ ಎದ್ದು ನಿಜ್ವಾದ ಮೇಕೆ ಸಂತೆಗೆ ಹೋಗಿ. ವ್ಯಾಪಾರಿಗಳು ಮೇಕೆಗಳನ್ನು ಹಿಡಿದುಕೊಂಡು ಸುತ್ತು ಬರುತ್ತಾರೆ, ಕೊಳ್ಳುವವರು ವೃತ್ತವಾಗಿ ನಿಂತು ಕೂಗಿ ಬೆಲೆ ಕಟ್ಟುತ್ತಾರೆ.

ಮಸ್ಕತ್‌ಗೆ ಒಂದು ದಿನ ಸಾಕು. ಸುಲ್ತಾನ್ ಕಾಬೂಸ್ ಮಸೀದಿಯನ್ನು ಬೇರೆ ಧರ್ಮದವರು ಶುಕ್ರವಾರ ಬಿಟ್ಟು ಬೆಳಿಗ್ಗೆ 8ರಿಂದ 11ರವರೆಗೆ ನೋಡಬಹುದು. ಹೆಂಗಸರು ತಲೆ, ಕೈ, ಕಾಲು ಮುಚ್ಚುವಂತೆ ಉಡಬೇಕು. ನಮ್ಮ ಚೂಡಿದಾರ, ದುಪಟ್ಟಾ ಸಾಕಾಗುತ್ತದೆ. ಅದರ ಮರಳುಗಲ್ಲು ಭಾರತದಿಂದ ಹೋದದ್ದು. ಸಂಜೆ ಮುತ್ರಾಹದ ಕಡಲದಂಡೆಯಲ್ಲಿ ನಡೆಯುವಾಗ ನೆನಪಿಟ್ಟುಕೊಳ್ಳಿ, ಟಿಪ್ಪು ಸುಲ್ತಾನ ಮಸ್ಕತ್‌ನಲ್ಲಿ ವ್ಯಾಪಾರದ ಕೋಠಿ ಇಟ್ಟಿದ್ದ, ನಮ್ಮ ಕರಾವಳಿಯ ಅಕ್ಕಿ ಅಲ್ಲಿ ಇಳಿಯುತ್ತಿತ್ತು.

ಸಲಾಲಾ ಬಿಟ್ಟುಬಿಡಿ. ಮಸ್ಕತ್‌ನಿಂದ ಸುಮಾರು 1,000 ಕಿಲೋಮೀಟರ್. ಅದರ ಹಸಿರು ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನದು. ನೀವು ಹೊರಟಿರುವುದು ಜನವರಿಯಲ್ಲಿ. ವಾಹಿಬಾ ಬೇಕೇ ಬೇಕು ಅಂದರೆ ಬಿದಿಯಾ ಊರಿನವರೆಗೆ ನಿಮ್ಮ ಕಾರಿನಲ್ಲಿ ಹೋಗಿ, ಅಲ್ಲಿಂದ ಸ್ಥಳೀಯ ಚಾಲಕರ ಗಾಡಿ ಹತ್ತಿ. ಚಕ್ರದ ಗಾಳಿ ಎಷ್ಟು ಇಳಿಸಬೇಕು, ದಿಬ್ಬವನ್ನು ಎಲ್ಲಿಂದ ಏರಬೇಕು ಅನ್ನುವುದು ಅವರಿಗೆ ಗೊತ್ತು.

ಸಣ್ಣ ಕಾರು ಮಸ್ಕತ್, ನಿಜ್ವಾ, ಬಹ್ಲಾ, ಸೂರ್ ಹೆದ್ದಾರಿಗೆ ಧಾರಾಳ ಸಾಕು. ಜಬಲ್ ಅಖ್ದರ್‌ಗೆ ಆಗುವುದಿಲ್ಲ. ಬಿರ್ಕತ್ ಅಲ್ ಮೌಜ್‌ನ ಪೊಲೀಸ್ ತಪಾಸಣೆಯಲ್ಲಿ ಫೋರ್ ವೀಲ್ ಡ್ರೈವ್ ಇಲ್ಲದ ಗಾಡಿಯನ್ನು ವಾಪಸ್ ಕಳಿಸುತ್ತಾರೆ. ಅಲ್ಲಿಯ ಗುಲಾಬಿ ತೋಟ ಅರಳುವುದು ಏಪ್ರಿಲ್ ಹೊತ್ತಿಗೆ, ಹಾಗಾಗಿ ಈ ಸಲ ಅದನ್ನು ಬಿಟ್ಟರೂ ದುಃಖಪಡಬೇಡಿ.

ಕೊನೆಯ ದಿನ ಸೂರ್ ದಾರಿ ಹಿಡಿಯುವಾಗ, ಹೊರಡುವ ಬೆಳಿಗ್ಗೆಯೇ ಸರ್ಕಾರದ ಹವಾಮಾನ ಎಚ್ಚರಿಕೆ ನೋಡಿ. ಕರಾವಳಿಗೆ ಏನು ಹೇಳಿದ್ದಾರೆ ಅಂತ ನೋಡಿ ಸುಮ್ಮನಾಗಬೇಡಿ, ಹಜರ್ ಬೆಟ್ಟಕ್ಕೆ ಏನು ಹೇಳಿದ್ದಾರೆ ನೋಡಿ. ಬೆಟ್ಟದಲ್ಲಿ ಮಳೆ ಅಂದರೆ ಯಾವ ವಾದಿಗೂ ಇಳಿಯದೆ ಬಿಮ್ಮಾದ ಹೊಂಡ, ಸೂರ್‌ನಲ್ಲಿ ಮರದ ಹಡಗು ಕಟ್ಟುವ ಜಾಗ, ಇಷ್ಟು ಮಾಡಿ. ರಸ್ತೆ ತಗ್ಗಿಗೆ ಇಳಿಯುವ ಕಡೆ ಬಣ್ಣ ಬಳಿದ ಅಳತೆ ಕಂಬಗಳಿರುತ್ತವೆ. ಅಲ್ಲಿ ನೀರು ಹರಿಯುತ್ತಿದ್ದರೆ, ಹಿಂದಿನವರು ಎಷ್ಟೇ ಹಾರ್ನ್ ಹೊಡೆಯಲಿ, ಈಚೆಯೇ ನಿಲ್ಲಿ. ತುರ್ತಿಗೆ 9999. ಕಾರು ಬುಕ್ ಮಾಡುವಾಗ ವಾದಿಯಲ್ಲಿ ಆದ ಹಾನಿ ವಿಮೆಯಲ್ಲಿ ಬರುತ್ತದಾ ಅಂತ ಇಮೇಲ್‌ನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ. ತಾಯಿಗೆ ನೀರಿನ ಹತ್ತಿರ ಕೂರುವ ಆಸೆ ಇದ್ದರೆ ನಿಜ್ವಾದ ಫಲಜ್ ದಾರಿಸ್ ಪಕ್ಕದ ಉದ್ಯಾನಕ್ಕೆ ಕರೆದೊಯ್ಯಿರಿ. ಅಲ್ಲಿ ನೆರಳಿದೆ, ಕಾರಿನಿಂದ ಹೆಚ್ಚು ನಡೆಯಬೇಕಾಗಿಲ್ಲ.