ದಶಾಜ್ಞೆ ಕಲಿತ ರೋಬೋಟು

ಪ್ರಿಯ ಸಹೋದರಿ,

ನಿಮ್ಮ ಸಂಡೇ ಸ್ಕೂಲಿನ ಹುಡುಗನ ಪ್ರಶ್ನೆಯನ್ನು ಬರೆದು ಕಳಿಸಿದ್ದೀರಿ: “ಟೀಚರ್, ರೋಬೋಟಿಗೆ ದಶಾಜ್ಞೆ ಎಲ್ಲ ಹಾಕಿಬಿಟ್ಟರೆ ಅದು ನಮಗಿಂತ ಒಳ್ಳೇದಾಗುತ್ತಾ? ಅದು ಕದಿಯಲ್ಲ, ಸುಳ್ಳೂ ಹೇಳಲ್ಲ.” ಕ್ರೈಸ್ತರಾಗಿ ನಾವು ಇದಕ್ಕೆ ಏನು ಹೇಳಬೇಕು ಎಂದು ಕೇಳಿದ್ದೀರಿ.

ನಡತೆಯನ್ನು ಯಂತ್ರಕ್ಕೆ ತಕ್ಕಮಟ್ಟಿಗೆ ಕಲಿಸಬಹುದು, ಇದನ್ನು ನಾವು ಅಂಜದೆ ಒಪ್ಪಬೇಕು. 2021ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಕೃತಕ ಬುದ್ಧಿಮತ್ತೆಯ ಸಂಶೋಧನೆ ನಡೆಸುವ ಅಲೆನ್ ಸಂಸ್ಥೆಯವರು ‘ಡೆಲ್ಫೈ’ ಎಂಬ ಪ್ರೋಗ್ರಾಂ ಹೊರತಂದರು. ಸರಿ ತಪ್ಪುಗಳ ಬಗ್ಗೆ ಜನರ ಸುಮಾರು 17 ಲಕ್ಷ ಅಭಿಪ್ರಾಯಗಳಿಂದ ಅದಕ್ಕೆ ಪಾಠ ಮಾಡಿದ್ದರು. ರಾತ್ರಿ ಹೊತ್ತು ಹುಲ್ಲು ಕತ್ತರಿಸುವ ಮಷಿನ್ ಓಡಿಸುವುದು ಸರಿಯಲ್ಲ, ಆದರೆ ಸುತ್ತ ಮನೆಗಳೇ ಇಲ್ಲದ ಕಡೆ ಪರವಾಗಿಲ್ಲ ಎನ್ನುವಷ್ಟು ವಿವೇಕ ಅದರ ಉತ್ತರಗಳಲ್ಲಿತ್ತು. ಅದೇ ಡೆಲ್ಫೈ, ಘೋರವಾದ ಕೃತ್ಯಕ್ಕೂ “ಎಲ್ಲರಿಗೂ ಸಂತೋಷವಾಗುವುದಾದರೆ” ಎಂಬ ಬಾಲ ಸೇರಿಸಿ ಕೇಳಿದಾಗ ಹೂಂಗುಟ್ಟಿತು. ಜನ ಬೆಚ್ಚಿದರು. ಎಂಜಿನಿಯರುಗಳು ತಿದ್ದಿದರು. ಡೆಲ್ಫೈಗೆ ಮಾತ್ರ ಏನೂ ಅನ್ನಿಸಲಿಲ್ಲ.

ನನ್ನ ಮನಸ್ಸು ನಿಲ್ಲುವುದು ಇಲ್ಲಿ. ಅರಸನಾದ ದಾವೀದನಿಗೆ ಆಜ್ಞೆಗಳು ಗೊತ್ತಿರಲಿಲ್ಲವೇ? ಬಾಯಿಪಾಠವೇ ಇದ್ದಿರಬೇಕು. ಆದರೂ ಊರೀಯನ ಹೆಂಡತಿ ಬತ್ಷೆಬೆಯನ್ನು ತರಿಸಿಕೊಂಡ, ಊರೀಯನನ್ನು ಯುದ್ಧದ ಮುಂಚೂಣಿಗೆ ಕಳಿಸಿ ಕೊಲ್ಲಿಸಿದ. ಪ್ರವಾದಿ ನಾತಾನನು ಬಡವನ ಒಂದೇ ಕುರಿಮರಿಯನ್ನು ಐಶ್ವರ್ಯವಂತನು ಕಿತ್ತುಕೊಂಡ ಕಥೆ ಹೇಳಿದಾಗ ದಾವೀದನು ನ್ಯಾಯವಾದ ತೀರ್ಪನ್ನೇ ಕೊಟ್ಟ. ಅಷ್ಟನ್ನು ಡೆಲ್ಫೈ ಕೂಡ ಕೊಟ್ಟೀತು. “ಆ ಮನುಷ್ಯನು ನೀನೇ” ಎಂದು ನಾತಾನನು ಹೇಳಿದಾಗ ದಾವೀದನು “ನಾನು ಯೆಹೋವನಿಗೆ ವಿರುದ್ಧವಾಗಿ ಪಾಪಮಾಡಿದ್ದೇನೆ” ಎಂದು ಕುಸಿದನಲ್ಲ, ಅದನ್ನು ಯಾವ ಪಾಠದಿಂದ ತರಿಸುತ್ತೀರಿ? ಆ ಮಾತನ್ನು ಯಂತ್ರದಿಂದ ಹೇಳಿಸಬಹುದು, ನಿಜ. ಆದರೆ ದೇವರ ಮುಂದೆ ನಿಂತು ಲೆಕ್ಕ ಒಪ್ಪಿಸಬೇಕಾದ ‘ನಾನು’ ಅಲ್ಲಿಲ್ಲ. ಹುಡುಗ ಹೇಳಿದಂತೆ ರೋಬೋಟಿಗೆ ಕದಿಯುವ ಆಸೆಯಿಲ್ಲ. ಆಸೆಯೇ ಇಲ್ಲದ ಕಡೆ ಗೆಲ್ಲಬೇಕಾದ ಶೋಧನೆಯೂ ಇಲ್ಲ, ಬೇಡಬೇಕಾದ ಕ್ಷಮೆಯೂ ಇಲ್ಲ.

ರೋಬೋಟು ಒಳ್ಳೆಯದಾಗುತ್ತದೋ ಇಲ್ಲವೋ ಎನ್ನುವುದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಆದಿಕಾಂಡದ ಮೂರನೆಯ ಅಧ್ಯಾಯ. ತಿನ್ನಬಾರದ ಹಣ್ಣನ್ನು ತಿಂದೆಯಾ ಎಂದು ದೇವರು ಕೇಳಿದ ಕೂಡಲೇ ಆದಾಮನು ಹವ್ವಳತ್ತ ಬೆರಳು ತೋರಿಸಿದ, ಹವ್ವಳು ಸರ್ಪದತ್ತ. ಈಗ ಬೆರಳು ತೋರಿಸಲು ನಮಗೆ ಕಂಪ್ಯೂಟರ್ ಸಿಕ್ಕಿದೆ.

ಆಸ್ಟ್ರೇಲಿಯಾ ಸರ್ಕಾರದ ‘ರೋಬೋಡೆಟ್’ ಎಂಬ ಬಾಕಿ ವಸೂಲಿ ವ್ಯವಸ್ಥೆಯನ್ನು ನೋಡಿ. ಕೆಲಸವಿಲ್ಲದ ತಿಂಗಳುಗಳಲ್ಲಿ ಸರ್ಕಾರದ ನೆರವು ಪಡೆದವರ ವರ್ಷದ ಆದಾಯವನ್ನು ಕಂಪ್ಯೂಟರ್ ಎಲ್ಲ ಹದಿನೈದು ದಿನದ ಕಂತುಗಳಿಗೂ ಸಮನಾಗಿ ಹಂಚಿತು. ಆರು ತಿಂಗಳು ದುಡಿದು, ಮಿಕ್ಕ ಆರು ತಿಂಗಳು ಕೈಖಾಲಿಯಾಗಿ ಕೂತವನೂ ಈ ಲೆಕ್ಕದಲ್ಲಿ ವರ್ಷವಿಡೀ ಸಂಪಾದಿಸಿದವನಾದ! ಹೆಚ್ಚು ಪಡೆದಿದ್ದೀರಿ, ವಾಪಸ್ ಕಟ್ಟಿ ಎಂದು ಲಕ್ಷಾಂತರ ಜನರಿಗೆ ನೋಟಿಸು ಹೋಯಿತು. ಅಲ್ಲವೆಂದು ತೋರಿಸಲು ಬಡವರು ಹಳೆಯ ಸಂಬಳದ ಚೀಟಿ ಹುಡುಕಬೇಕಾಯಿತು. 2023ರಲ್ಲಿ ಅಲ್ಲಿನ ರಾಯಲ್ ಕಮಿಷನ್ ಎಂಬ ವಿಚಾರಣಾ ಆಯೋಗ ಇದನ್ನು ಒರಟು, ಕ್ರೂರ ವ್ಯವಸ್ಥೆ ಎಂದಿತು. ನ್ಯಾಯವೂ ಅಲ್ಲ, ಕಾನೂನುಬದ್ಧವೂ ಅಲ್ಲ ಎಂದಿತು. ಯಂತ್ರ ತನಗೆ ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿತ್ತು. ಕಲಿಸಿದವರು, ಆದೇಶಕ್ಕೆ ಸಹಿ ಹಾಕಿದವರು, ದೂರು ಬಂದರೂ ಸುಮ್ಮನಿದ್ದವರು ಮನುಷ್ಯರು.

ಇದಕ್ಕೇ, 2024ರ ಜೂನ್‌ನಲ್ಲಿ ಇಟಲಿಯ ಜಿ7 ಸಭೆಯಲ್ಲಿ ಪೋಪ್ ಫ್ರಾನ್ಸಿಸ್ ಅವರು ಮನುಷ್ಯನ ಪ್ರಾಣ ತೆಗೆಯುವ ತೀರ್ಮಾನವನ್ನು ಯಾವ ಯಂತ್ರಕ್ಕೂ ಬಿಡಬಾರದೆಂದು ಹೇಳಿದ್ದನ್ನು, ನಮ್ಮ ಚರ್ಚು ಯಾವುದೇ ಇರಲಿ, ನಾವೆಲ್ಲ ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

ಹಾಗೆಂದು ಆ ಹುಡುಗನನ್ನು ಯಂತ್ರಗಳಿಂದ ಹೆದರಿಸಬೇಡಿ. ನಾಳೆ ಅವನೇ ಎಂಜಿನಿಯರ್ ಆದಾನು, ಆಗಲಿ. ಮುಂದಿನ ಭಾನುವಾರ ಮಕ್ಕಳೊಂದಿಗೆ ಎರಡನೆಯ ಸಮುವೇಲ 12ನೇ ಅಧ್ಯಾಯ ಓದಿ. ನಾತಾನನ ಪಾತ್ರವನ್ನು ಅವನಿಗೇ ಕೊಡಿ. ಓದಿದ ಮೇಲೆ ಒಂದು ಪ್ರಶ್ನೆ ಕೇಳಿ: ರೋಬೋಟು ತಪ್ಪು ಮಾಡಿದರೆ ನಾತಾನನು ಯಾರ ಮನೆ ಬಾಗಿಲಿಗೆ ಹೋಗಬೇಕು? ಮಕ್ಕಳು ಏನೆಂದರೆಂದು ನಮಗೂ ಬರೆಯಿರಿ.

— ಸಂಪಾದಕ