ಬರ್ಟ್ರಾಂಡ್ ಮಾದರಿ: ಚಕ್ರ ಕೂರಿಸಿದ ಮೇಲೆ ಹಿಂಭಾಗ ಜೋತುಬಿದ್ದರೆ

1860ರ ದಶಕದ ಅಮೆರಿಕದ ಮಿಸೌರಿ ನದಿಯ ಉಗಿ ಹಡಗು ಬರ್ಟ್ರಾಂಡ್‌ನ 1:48 ಮಾದರಿಗೆ, ನೀರು ತಳ್ಳುವ ಹಿಂಬದಿಯ ಚಕ್ರ ಕೂರಿಸಿದ ಮೇಲೆ ಹಿಂಭಾಗ 4 ಮಿ.ಮೀ. ಇಳಿದಿದೆ, ಹಾಗ್ ಚೈನ್ (ಕಂಬಗಳ ಮೇಲೆ ಹಾದು ಒಡಲನ್ನು ಎಳೆದು ಹಿಡಿಯುವ ಸರಳು) ಆಗಿ ಕಟ್ಟಿದ ದಾರ ಸಡಿಲವಾಗಿದೆ ಅಂದಿರಿ. ಬಹುಶಃ ಕಾರಣ ಹಾಗ್ ಚೈನ್ ಕಂಬಗಳ ಬುಡ. ಅವನ್ನು ಡೆಕ್ ಮೇಲೆ ಸುಮ್ನೆ ಅಂಟಿಸಿದ್ದೀರಿ ಅನ್ಸುತ್ತೆ. ಫೋಟೊದಲ್ಲಿ ಬುಡ ಕಾಣುತ್ತಿಲ್ಲ, ಹಾಗಾಗಿ ಮೊದಲು ಅದನ್ನು ನೋಡಿಕೊಳ್ಳಿ.

ಆ ಕಾಲದ ಮಿಸೌರಿ ಹಡಗುಗಳ ತಳ ಚಪ್ಪಟೆ, ಒಡಲು ತೆಳು. ಬಾಯ್ಲರ್ ಮುಂದೆ, ಇಂಜಿನ್ ಮತ್ತು ಚಕ್ರ ಹಿಂದೆ. ಎರಡೂ ತುದಿ ಜೋತುಬೀಳದಂತೆ ಎಳೆದು ಹಿಡಿದದ್ದು ಈ ಕಬ್ಬಿಣದ ಸರಳುಗಳೇ. ಸರಳು ಬಿಗಿಯಾದಷ್ಟೂ ಕಂಬ ಕೆಳಗೆ ಒತ್ತುತ್ತದೆ. ಆ ಒತ್ತಡ ತಳಕ್ಕೆ ಇಳಿಯಬೇಕು, ಡೆಕ್‌ಗಲ್ಲ.

ಮೊದಲು ಚಕ್ರ ಬಿಚ್ಚಿ. ಒಡಲನ್ನು ಸಮತಟ್ಟಾದ ಹಲಗೆಗೆ ಕ್ಲ್ಯಾಂಪ್ ಮಾಡಿ. ಕಂಬದ ಜಾಗದಲ್ಲಿ ಡೆಕ್ ತೂತು ಮಾಡಿ, ತಳದ ಉದ್ದಕ್ಕೆ ಗಟ್ಟಿ ಮರದ ಪಟ್ಟಿ ಅಂಟಿಸಿ, ಕಂಬವನ್ನು ಅದರ ಮೇಲೆ ನಿಲ್ಲಿಸಿ. ಅಂಟು ಒಂದು ದಿನ ಒಣಗಲಿ.

ದಾರ ಬೇಡ. ಹವೆಯ ತೇವಕ್ಕೆ ಅದು ಹಿಗ್ಗಿ ಕುಗ್ಗುತ್ತದೆ. 0.7 ಮಿ.ಮೀ. ಹಿತ್ತಾಳೆ ತಂತಿ ಹಾಕಿ. ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ ಹೀಗೆ ಬಿಗಿಮಾಡಿ. ಒಂದೇ ಕಡೆ ಎಳೆದರೆ ಒಡಲು ತಿರುಚಿಕೊಳ್ಳುತ್ತದೆ, ಆಮೇಲೆ ಸರಿಮಾಡೋದು ತುಂಬಾ ಕಷ್ಟ.

ಚಕ್ರ ಹಿತ್ತಾಳೆಯದಾದರೆ, ಭಾರ ಕಡಿಮೆಯಾಗಲು ಮರದಲ್ಲಿ ಮತ್ತೆ ಮಾಡಿ. ನಿಜವಾದದ್ದರಲ್ಲೂ ತೋಳು, ಹಲಗೆ ಮರದವೇ. ಕ್ಲ್ಯಾಂಪ್ ತೆಗೆದ ಮೇಲೂ ಒಡಲು ನೆಟ್ಟಗಿದ್ದರೆ ಚಕ್ರ ಕೂರಿಸಿ.