ತ್ರಿಯೇಕತ್ವ: ಒಂದಕ್ಷರದ ವಿವಾದ

ಪ್ರಶ್ನೆ: ತಂದೆ, ಮಗ, ಪವಿತ್ರಾತ್ಮ ಈ ಮೂವರೂ ಒಬ್ಬನೇ ದೇವರು ಎಂಬ ಕ್ರೈಸ್ತ ಸಿದ್ಧಾಂತವನ್ನು ಸೂಚಿಸುವ ‘ತ್ರಿಯೇಕತ್ವ’ ಎಂಬ ಪದವೇ ಬೈಬಲ್ಲಿನಲ್ಲಿ ಇಲ್ಲವೆನ್ನುತ್ತಾರೆ. ಹಾಗಾದರೆ ಆ ಸಿದ್ಧಾಂತ ಬಂದದ್ದೆಲ್ಲಿಂದ?

ಉತ್ತರ: ಪದ ಇಲ್ಲವೆಂಬುದು ನಿಜ, ಆದರೆ ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ದೀಕ್ಷಾಸ್ನಾನ ಕೊಡಬೇಕೆಂಬ ಮಾತು ಮತ್ತಾಯನ ಸುವಾರ್ತೆಯ ಕೊನೆಯಲ್ಲಿದೆ. ಲ್ಯಾಟಿನ್ನಿನಲ್ಲಿ ಇದಕ್ಕೆ ‘ಟ್ರಿನಿಟಾಸ್’ ಎಂಬ ಪದವನ್ನು ಮೂರನೆಯ ಶತಮಾನದ ಆರಂಭದಲ್ಲಿ ಬಳಸಿದವನು ಉತ್ತರ ಆಫ್ರಿಕದ ಕಾರ್ಥೇಜಿನ ಕ್ರೈಸ್ತ ಲೇಖಕ ಟೆರ್ಟುಲಿಯನ್. ಮಗನು, ಅಂದರೆ ಯೇಸು, ಸೃಷ್ಟಿಯಾದವನು ಎಂದು ಅಲೆಕ್ಸಾಂಡ್ರಿಯದ ಪಾದ್ರಿ ಏರಿಯಸ್ ಬೋಧಿಸಿದಾಗ ಎದ್ದ ವಿವಾದವನ್ನು ಬಗೆಹರಿಸಲು ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ 325ರಲ್ಲಿ ಇಂದಿನ ಟರ್ಕಿಯ ನೈಸಿಯಾದಲ್ಲಿ ಬಿಷಪ್ಪರ ಸಭೆ ಕರೆದನು. ಮಗನು ತಂದೆಯೊಂದಿಗೆ ‘ಹೊಮೊಊಸಿಯೊಸ್’, ಅಂದರೆ ಒಂದೇ ತತ್ತ್ವದವನು, ಎಂದು ಸಭೆ ನಿರ್ಣಯಿಸಿತು. ಆ ಗ್ರೀಕ್ ಪದದ ನಡುವೆ ‘ಇ’ ಎಂಬ ಒಂದಕ್ಷರ ಸೇರಿಸಿದರೆ ಅರ್ಥವು ‘ಹೋಲುವ ತತ್ತ್ವದವನು’ ಎಂದಾಗುತ್ತದೆ. ಈ ಅಕ್ಷರದ ಸುತ್ತ ನಡೆದ ವಾದವನ್ನು ಬರಿಯ ಹಠವೆಂದು ತಳ್ಳಿಹಾಕುವುದು ಸರಿಯಲ್ಲ, ಏಕೆಂದರೆ ತಾವು ಆರಾಧಿಸುತ್ತಿರುವುದು ದೇವರನ್ನೋ ಸೃಷ್ಟಿಯನ್ನೋ ಎಂಬುದೇ ವಾದಿಸಿದವರ ಪ್ರಶ್ನೆಯಾಗಿತ್ತು. ಪವಿತ್ರಾತ್ಮನ ದೈವತ್ವವನ್ನು 381ರ ಕಾನ್‌ಸ್ಟಾಂಟಿನೋಪಲ್ ಸಭೆ ದೃಢಪಡಿಸಿತು.